ಕುಡಿತಕ್ಕೆ ಮಾಪಕವಿದೆ, ಕಾಯಿಲೆಗೆ ಬರೀ ಸಹಿ

ಮಾಜಾಳಿಯಿಂದ ಭಟ್ಕಳದವರೆಗೆ ಹೆದ್ದಾರಿ 66ರಲ್ಲಿ ಎಲ್ಲೇ ಪೊಲೀಸರು ಗಾಡಿ ನಿಲ್ಲಿಸಿ ಊದಿಸಲಿ, ಅವರ ಕೈಯಲ್ಲಿರುವ ಯಂತ್ರ ಹೇಳುವುದು ಒಂದೇ ಸಂಗತಿ: ಚಾಲಕನ ಉಸಿರಿನಲ್ಲಿ ಮದ್ಯ ಎಷ್ಟಿದೆ. ರಕ್ತದ ಸಕ್ಕರೆ 50ಕ್ಕೆ ಇಳಿದು ಬೆವರುತ್ತಿರುವ ಮಧುಮೇಹಿ, ಎರಡು ವಾರದ ಹಿಂದಷ್ಟೇ ಫಿಟ್ಸ್ ಬಂದಿದ್ದ ಯುವಕ, ಕಣ್ಣಿಗೆ ಪೊರೆ ಬಂದಿರುವ ಹಿರಿಯರು, ರಾತ್ರಿಯಿಡೀ ಕಣ್ಣು ಮುಚ್ಚದ ಮೀನು ಲಾರಿಯ ಚಾಲಕ, ಈ ನಾಲ್ವರೂ ಊದಿದರೆ ಬರುವುದು ಸೊನ್ನೆ. ನಾಲ್ವರನ್ನೂ ಮುಂದೆ ಬಿಡುತ್ತಾರೆ.

1988ರ ಮೋಟಾರು ವಾಹನ ಕಾಯ್ದೆ ಕುಡಿತ, ಕಾಯಿಲೆ ಎರಡನ್ನೂ ಮರೆತಿಲ್ಲ. ಆದರೆ ಎರಡಕ್ಕೂ ಕೊಟ್ಟ ತೂಕ ನೋಡಿ. ಸೆಕ್ಷನ್ 185ರ ಪ್ರಕಾರ ಕುಡಿದು ಓಡಿಸಿದವನಿಗೆ ಮೊದಲ ಸಲ 6 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಎರಡನೇ ಸಲ 2 ವರ್ಷದವರೆಗೆ ಜೈಲು, 15,000 ರೂಪಾಯಿ. ಅದರ ಮಗ್ಗುಲಿನ ಸೆಕ್ಷನ್ 186, ಜನರಿಗೆ ಅಪಾಯ ತರುವಂಥ ಕಾಯಿಲೆ ಅಥವಾ ಊನ ತನಗಿದೆಯೆಂದು ಗೊತ್ತಿದ್ದೂ ಓಡಿಸಿದವನಿಗೆ ಹಾಕುವುದು 1,000 ರೂಪಾಯಿ, ಮತ್ತೆ ಸಿಕ್ಕರೆ 2,000. ಕುಡಿತದ ಕಾನೂನು ಗಟ್ಟಿಯಾಗಿದೆ, ತೊಡಕಿರುವುದು ಜಾರಿಯಲ್ಲಿ. ಆರೋಗ್ಯದ ವಿಷಯಕ್ಕೆ ಬಂದರೆ ಕಾನೂನೇ ಅರ್ಧ ದಾರಿಯಲ್ಲಿ ನಿಂತಿದೆ. ಅರಬೈಲು, ದೇವಿಮನೆ, ಗೇರುಸೊಪ್ಪ ಘಟ್ಟಗಳನ್ನು ಹತ್ತಿಳಿಯದೆ ಬದುಕು ಸಾಗದ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಆ ಉಳಿದರ್ಧದ ಹೊಣೆ ಚಾಲಕ, ವೈದ್ಯ, ಮನೆಯವರ ಮೇಲೆ ಬಿದ್ದಿದೆ.

ಮೊದಲು ಕುಡಿತದ ಲೆಕ್ಕ. ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಇದು ಎಷ್ಟು ಕಡಿಮೆ ಎಂಬ ಅಂದಾಜು ಬಹಳ ಜನರಿಗಿಲ್ಲ. 60 ಕಿಲೋ ತೂಕದ ಗಂಡಸು ಎಂದಿಟ್ಟುಕೊಳ್ಳಿ. ಶೇ 42.8ರ ವಿಸ್ಕಿಯೋ ಬ್ರಾಂದಿಯೋ 30 ಎಂಎಲ್ ಒಂದು ಪೆಗ್ ಒಳಗೆ ಹೋದರೆ ರಕ್ತದಲ್ಲಿ ಸುಮಾರು 25 ಮಿಲಿಗ್ರಾಂವರೆಗೆ ಏರಬಹುದು. 60 ಎಂಎಲ್ ಆದರೆ 50ರ ಹತ್ತಿರ. ನಮ್ಮಲ್ಲಿ ಹೆಚ್ಚು ಬಿಕರಿಯಾಗುವ ನೈಂಟಿ ಪ್ಯಾಕೆಟ್ ಒಂದೇ 75ರ ಆಸುಪಾಸಿಗೆ ಒಯ್ಯುತ್ತದೆ. ಗಡಿಯಾಚೆಯ ಗೋವಾ ಫೆನ್ನಿಯ ಕಡುವೂ ಹೆಚ್ಚುಕಡಿಮೆ ಅಷ್ಟೇ, ಹಾಗಾಗಿ ಲೆಕ್ಕವೂ ಅದೇ. 'ಬರೀ ಬಿಯರ್ ತಾನೇ' ಎನ್ನುವವರು ಇದನ್ನು ಗಮನಿಸಬೇಕು: ಶೇ 8ರ ಸ್ಟ್ರಾಂಗ್ ಬಿಯರ್ 650 ಎಂಎಲ್ ಬಾಟಲಿಯಲ್ಲಿರುವ ಮದ್ಯ 40 ಗ್ರಾಂ ದಾಟುತ್ತದೆ. ಅಂದರೆ ರಕ್ತದಲ್ಲಿ 100 ಮಿಲಿಗ್ರಾಂ ಹತ್ತಿರ, ಮಿತಿಯ ಮೂರು ಪಟ್ಟು. ಹೆಂಗಸರ ದೇಹದಲ್ಲಿ ನೀರಿನ ಪಾಲು ಕಡಿಮೆಯಿರುವುದರಿಂದ ಅಷ್ಟೇ ಕುಡಿದರೂ ಅಂಕಿ ಇನ್ನೂ ಮೇಲೇರುತ್ತದೆ.

ಇಳಿಯುವ ವೇಗವನ್ನು ಯಾರೂ ಬದಲಿಸಲಾರರು. ಯಕೃತ್ತು ಗಂಟೆಗೆ 10ರಿಂದ 20, ಸರಾಸರಿ 15 ಮಿಲಿಗ್ರಾಂ ಇಳಿಸುತ್ತದೆ. ಮಜ್ಜಿಗೆ, ಲಿಂಬೆ ಶರಬತ್ತು, ತಣ್ಣೀರು ಸ್ನಾನ, ಕಡು ಕಾಫಿ ಯಾವುದೂ ಆ ವೇಗ ಹೆಚ್ಚಿಸುವುದಿಲ್ಲ; ಕಾಫಿ ಎಚ್ಚರ ತರಬಹುದು, ಅಷ್ಟೇ. ಹಾಗಾಗಿ ನಮ್ಮ ಕಡೆ ಹೆಚ್ಚು ಸಿಕ್ಕಿಬೀಳಬೇಕಾದವರು ಬೆಳಗಿನ ಜಾವದ ಚಾಲಕರು. ಮದುವೆ ಮನೆಯ ಹಿಂದಿನ ರಾತ್ರಿ ಹತ್ತೂವರೆಯಿಂದ ಹನ್ನೆರಡರೊಳಗೆ ಒಂದು ಕ್ವಾರ್ಟರ್, ಅಂದರೆ 180 ಎಂಎಲ್, ಮುಗಿಸಿದವನ ಅಂಕಿ 130ರ ಆಸುಪಾಸಿನಲ್ಲಿರುತ್ತದೆ. ಬೆಳಗ್ಗೆ ಆರಕ್ಕೆ ಎದ್ದು ಮುಖ ತೊಳೆದು ದಿಬ್ಬಣದ ಟೆಂಪೋ ಹತ್ತಿದಾಗಲೂ 40ರ ಹತ್ತಿರ, ಮಿತಿಯ ಮೇಲೆಯೇ ಇರುತ್ತದೆ. ಅವನಿಗೆ ಅಮಲು ಇಳಿದಿದೆ ಅನ್ನಿಸುತ್ತಿರುತ್ತದೆ. ಕಾನೂನಿಗೆ ಆ ಅನಿಸಿಕೆ ಬೇಕಿಲ್ಲ, ಅಂಕಿ ಸಾಕು.

ಇನ್ನು ಅರಿಷ್ಟದ ಪ್ರಶ್ನೆ. ದಶಮೂಲಾರಿಷ್ಟ, ದ್ರಾಕ್ಷಾಸವದಂಥ ಔಷಧಿಗಳಲ್ಲಿ ಹುದುಗುವಿಕೆಯಿಂದ ತಾನಾಗಿ ಹುಟ್ಟಿದ ಮದ್ಯ ಶೇ 5ರಿಂದ 10ರಷ್ಟು ಇರುತ್ತದೆ. ಊಟದ ನಂತರ 30 ಎಂಎಲ್ ಕುಡಿದರೆ ರಕ್ತದಲ್ಲಿ ಏರುವುದು ಐದಾರು ಮಿಲಿಗ್ರಾಂ ಮಾತ್ರ, ಮಿತಿ ದಾಟುವ ಮಾತೇ ಇಲ್ಲ. ಆದರೆ ಕುಡಿದ ಕೂಡಲೇ ಊದಿದರೆ ಬಾಯಲ್ಲಿ ಉಳಿದ ಹನಿಗಳೇ ಯಂತ್ರವನ್ನು ಕೆರಳಿಸಿ ದೊಡ್ಡ ಅಂಕಿ ತೋರಿಸಬಹುದು. ಮದ್ಯ ಬೆರೆತ ಮೌತ್‌ವಾಶ್‌ನದ್ದೂ ಇದೇ ಕತೆ. ಪರಿಹಾರ ಸರಳ: ಬಾಯಿ ಮುಕ್ಕಳಿಸಿ 15 ನಿಮಿಷ ಬಿಟ್ಟು ಎರಡನೇ ಸಲ ಊದಲು ಅವಕಾಶ ಕೇಳಿ. ಬಾಯಿಯ ಮದ್ಯ ಅಷ್ಟರಲ್ಲಿ ಹೋಗಿರುತ್ತದೆ, ರಕ್ತದ ಮದ್ಯ ಹೋಗಿರುವುದಿಲ್ಲ. ಎರಡನೇ ಅಂಕಿಯೂ ಮೇಲೆಯೇ ಇದ್ದರೆ ಅರಿಷ್ಟದ ನೆಪ ನಿಲ್ಲದು. ಊದುವಾಗ ಹೊಸ ಕೊಳವೆ ಹಾಕಿಸಿಕೊಳ್ಳಿ, ಹಿಂದಿನ ಅಂಕಿ ಅಳಿಸಿ ಯಂತ್ರ ಸೊನ್ನೆ ತೋರಿಸಿದ್ದನ್ನು ನೋಡಿ, ಮುದ್ರಿತ ಚೀಟಿಯಲ್ಲಿ ದಿನಾಂಕ, ಸಮಯ ಸರಿಯಿದೆಯೇ ಓದಿ.

ಊದಲು ನಿರಾಕರಿಸಿದರೆ ಪಾರಾಗಬಹುದು ಎಂಬ ನಂಬಿಕೆ ತಪ್ಪು. ನಿರಾಕರಿಸಿದವನನ್ನು ರಕ್ತ ಪರೀಕ್ಷೆಗೆ ಒಯ್ಯಬಹುದು. ಸರಿಯಾದ ಕಾರಣವಿಲ್ಲದೆ ಅದನ್ನೂ ಒಲ್ಲೆನೆಂದರೆ ಆ ನಿರಾಕರಣೆಯೇ ಅವನ ವಿರುದ್ಧದ ಸಾಕ್ಷ್ಯಕ್ಕೆ ಬಲ ಕೊಡುತ್ತದೆ ಎಂದು ಸೆಕ್ಷನ್ 205 ಹೇಳುತ್ತದೆ. ಚಾಲಕನಿಗೂ ರಕ್ಷಣೆಯಿದೆ: 185ರಡಿ ಬಂಧಿಸಿದ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗಬೇಕು, ಆಗದಿದ್ದರೆ ಬಿಡಬೇಕು. ಈ ಪ್ರಕರಣವನ್ನು ಸ್ಥಳದಲ್ಲೇ ದಂಡ ಕಟ್ಟಿ ಮುಗಿಸುವಂತಿಲ್ಲ, ನ್ಯಾಯಾಲಯಕ್ಕೇ ಹೋಗಬೇಕು. ಅಪರಾಧ ಸಾಬೀತಾದರೆ ಕನಿಷ್ಠ 6 ತಿಂಗಳು ಲೈಸೆನ್ಸ್ ಅನರ್ಹತೆಯೂ ಸೇರುತ್ತದೆ. ಬಾಡಿಗೆ ಗಾಡಿ ಓಡಿಸಿ ಹೊಟ್ಟೆ ಹೊರೆಯುವವನಿಗೆ ಹತ್ತು ಸಾವಿರಕ್ಕಿಂತ ಆ ಆರು ತಿಂಗಳೇ ಭಾರ.

ಜಾರಿಯ ತೊಡಕು ನಿಜವಾಗಿ ಕಾಣುವುದು ಅಪಘಾತವಾದ ಮೇಲೆ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಹಳೆಯದು. ತಲೆಗೆ ಪೆಟ್ಟು ಬಿದ್ದವರನ್ನು ಈಗಲೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾದ ಬಾಂಬೋಳಿಗೆ ಒಯ್ಯುವುದು ಇಲ್ಲಿನ ವಾಡಿಕೆ. ಹೊನ್ನಾವರದ ಹತ್ತಿರ ಗಾಡಿ ಗುದ್ದಿದಾಗ ಚಾಲಕನ ರಕ್ತದಲ್ಲಿ 80 ಇತ್ತು ಎಂದುಕೊಳ್ಳಿ. ನಾಲ್ಕು ಗಂಟೆಯ ನಂತರ ಮಂಗಳೂರಿನಲ್ಲಿ ರಕ್ತ ತೆಗೆದರೆ 20 ಬರುತ್ತದೆ, ಕಾಗದದ ಮೇಲೆ ಅವನು ಕುಡಿದಿರಲಿಲ್ಲ. ಹಾಗಾಗಿ ಮಾದರಿ ತೆಗೆಯಬೇಕಾದದ್ದು ಮೊದಲು ಸಿಗುವ ತಾಲ್ಲೂಕು ಆಸ್ಪತ್ರೆಯಲ್ಲೇ, ಮುಂದಿನ ಊರಿಗೆ ಕಳಿಸುವ ಮೊದಲು. ತೆಗೆಯುವ ಕ್ರಮದಲ್ಲೂ ತಪ್ಪಾಗುತ್ತದೆ. ಚರ್ಮವನ್ನು ಸ್ಪಿರಿಟ್‌ನಿಂದ ಒರೆಸಿದರೆ ಮಾದರಿಯ ಮೇಲೆಯೇ ಅನುಮಾನ ಹುಟ್ಟುತ್ತದೆ. ಮದ್ಯವಿಲ್ಲದ ದ್ರಾವಣ ಬಳಸಬೇಕು. ಡ್ರಿಪ್ ಹಾಕಿದ ಕೈಯಿಂದ ತೆಗೆಯಬಾರದು. ಸೀಸೆಯಲ್ಲಿ ಸೋಡಿಯಂ ಫ್ಲೋರೈಡ್ ಮತ್ತು ಪೊಟ್ಯಾಸಿಯಂ ಆಕ್ಸಲೇಟ್ ಇರಬೇಕು. ಫ್ಲೋರೈಡ್ ಇಲ್ಲದೆ ಕರಾವಳಿಯ ಸೆಕೆಯಲ್ಲಿ ಇಟ್ಟ ರಕ್ತದಲ್ಲಿ ಸೂಕ್ಷ್ಮಾಣುಗಳು ಸಕ್ಕರೆಯನ್ನು ಹುದುಗಿಸಿ ಮದ್ಯ ಹುಟ್ಟಿಸಬಹುದು, ಮುಚ್ಚಳ ಸಡಿಲವಿದ್ದರೆ ಇದ್ದ ಮದ್ಯವೂ ಹಾರಿಹೋಗಬಹುದು. ಆರೋಪಿಗೂ ಅನ್ಯಾಯ, ಸತ್ತವನ ಮನೆಯವರಿಗೂ ಅನ್ಯಾಯ. ಮೊಹರು, ಲೇಬಲ್, ತೆಗೆದ ಗಂಟೆ-ನಿಮಿಷ, 4 ಡಿಗ್ರಿ ತಂಪು, ಇಷ್ಟು ತಪ್ಪಬಾರದು.

ಪರೀಕ್ಷೆಯೇ ಆಗದಿದ್ದರೆ ವಿಮೆ ಸಿಕ್ಕೇ ಸಿಗುತ್ತದೆ ಎಂಬ ಲೆಕ್ಕಾಚಾರವನ್ನೂ ಸುಪ್ರೀಂ ಕೋರ್ಟ್ 2021ರಲ್ಲಿ ಇಫ್ಕೋ ಟೋಕಿಯೊ–ಪರ್ಲ್ ಬೆವರೇಜಸ್ ಪ್ರಕರಣದಲ್ಲಿ ಮುರಿದಿದೆ. ಉಸಿರು ಅಥವಾ ರಕ್ತದ ಪರೀಕ್ಷೆ ಆಗಿಲ್ಲವೆಂಬ ಒಂದೇ ಕಾರಣಕ್ಕೆ ವಿಮಾ ಕಂಪನಿಯ ವಾದ ಬಿದ್ದುಹೋಗದು. ಬೇರೆ ಸಾಕ್ಷ್ಯಗಳಿಂದ ಚಾಲಕ ಅಮಲಿನಲ್ಲಿದ್ದ ಎಂದು ತೋರಿಸಿದರೆ ಗಾಡಿಯ ನಷ್ಟ ಕೊಡದಿರಬಹುದು.

ಕುಡಿತದ ಮಾತು ಇಲ್ಲಿಗೆ ಸಾಕು. ಕಾಯಿಲೆಯ ಕಡೆ ಬಂದರೆ ಎಲ್ಲವೂ ನಿಂತಿರುವುದು ಲೈಸೆನ್ಸ್ ಅರ್ಜಿಯ ಜೊತೆ ಕೊಡುವ ಫಾರ್ಮ್ 1 ಎಂಬ ಒಂದು ಹಾಳೆಯ ಮೇಲೆ. ಮೂರ್ಛೆ ರೋಗ ಅಥವಾ ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುವುದು, ತಲೆಸುತ್ತು ಇದೆಯೇ? ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟ್ ಓದಬಲ್ಲಿರಾ? ಕೈಕಾಲಿನ ಬಲ, ಕೆಂಪು–ಹಸಿರು ಬಣ್ಣ, ಇರುಳುಗಣ್ಣು, ಕಿವಿ, ಬೇರೆ ಕಾಯಿಲೆ? ಅರ್ಜಿದಾರ ಹೌದು–ಇಲ್ಲ ಬರೆದು ಸಹಿ ಹಾಕುತ್ತಾನೆ. ವೈದ್ಯರು ಸಹಿ ಮಾಡುವ ಫಾರ್ಮ್ 1ಎ ಬೇಕಾಗುವುದು ಸಾರಿಗೆ ವಾಹನದ ಲೈಸೆನ್ಸಿಗೆ ಮತ್ತು 40 ದಾಟಿದವರಿಗೆ. ಕಾರವಾರದ ಕೆಎ 30 ಇರಲಿ, ಶಿರಸಿಯ ಕೆಎ 31 ಇರಲಿ, ನಿಯಮ ಒಂದೇ. 2019ರ ತಿದ್ದುಪಡಿಯ ನಂತರ 30 ತುಂಬುವ ಮೊದಲು ಲೈಸೆನ್ಸ್ ಪಡೆದವರದ್ದು 40ರವರೆಗೆ ನಡೆಯುತ್ತದೆ. ಅಂದರೆ 18ರಲ್ಲಿ ಕಾರಿನ ಲೈಸೆನ್ಸ್ ಪಡೆದವನನ್ನು 22 ವರ್ಷ ಯಾವ ವೈದ್ಯನೂ ಆ ಕಾರಣಕ್ಕೆ ನೋಡಬೇಕಿಲ್ಲ. ಅಷ್ಟರಲ್ಲಿ ಸಕ್ಕರೆ ಕಾಯಿಲೆ ಬಂದಿರಬಹುದು, ಒಂದು ಕಣ್ಣು ಮಸುಕಾಗಿರಬಹುದು. ಕಾರ್ಡಿನ ಮೇಲೆ ಅದು ಕಾಣುವುದಿಲ್ಲ.

ಕಣ್ಣಿನ ಪರೀಕ್ಷೆಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ನಿಂತ ಗಾಡಿಯಿಂದ 25 ಮೀಟರ್, ಸುಮಾರು 33 ಹೆಜ್ಜೆ ಹಿಂದೆ ಹೋಗಿ, ಒಂದೊಂದೇ ಕಣ್ಣು ಮುಚ್ಚಿ ನಂಬರ್ ಓದಿ; ಕನ್ನಡಕ ಹಾಕುವವರು ಹಾಕಿಯೇ ಓದಲಿ. ಆದರೆ ಈ ಪರೀಕ್ಷೆಗೆ ಒಂದು ಮಿತಿಯಿದೆ, ಅದು ಹಗಲಿನದ್ದು. ಪೊರೆ ಬರುತ್ತಿರುವವರು ಹಗಲಲ್ಲಿ ಪಾಸಾಗಿ, ಜುಲೈ ರಾತ್ರಿಯ ಮಳೆಯಲ್ಲಿ ಎದುರಿನ ಲಾರಿಯ ಹೆಡ್‌ಲೈಟ್ ಬಿದ್ದ ಕ್ಷಣ ರಸ್ತೆಯ ಅಂಚನ್ನೇ ಕಾಣದಾಗುತ್ತಾರೆ. ಬೆಳಕಿಗೆ ಕಣ್ಣು ಕುಕ್ಕಿದ ಮೇಲೆ ಸರಿಯಾಗಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತಿದ್ದರೆ ರಾತ್ರಿ ಓಡಿಸುವುದನ್ನು ನಿಲ್ಲಿಸಿ ಕಣ್ಣಿನ ವೈದ್ಯರನ್ನು ಕಾಣಬೇಕು. ಪೊರೆ ತೆಗೆಸಿದರೆ ಬಹುತೇಕ ಇದು ಸರಿಹೋಗುತ್ತದೆ. ಬಣ್ಣಗುರುಡಿನ ಬಗ್ಗೆ ಒಂದು ಒಳ್ಳೆಯ ಬದಲಾವಣೆ ಆಗಿದೆ: 2020ರಿಂದ ಅಲ್ಪ ಮತ್ತು ಮಧ್ಯಮ ಪ್ರಮಾಣದವರಿಗೂ ಲೈಸೆನ್ಸ್ ಸಿಗುತ್ತದೆ.

ಅಂಥ ಮೆಟ್ಟಿಲು ಮೂರ್ಛೆ ರೋಗಕ್ಕೆ ಇಲ್ಲ, ಕಾನೂನಿನ ದೊಡ್ಡ ಕೊರತೆ ಇದೇ. ಬ್ರಿಟನ್ನಿನಲ್ಲಿ 12 ತಿಂಗಳು ಫಿಟ್ಸ್ ಬಾರದಿದ್ದರೆ ಕಾರು, ಬೈಕಿನ ಲೈಸೆನ್ಸ್ ಮರಳಿ ಸಿಗಬಹುದು. ಲಾರಿ, ಬಸ್ಸಿಗೆ 10 ವರ್ಷ, ಅದೂ ಮಾತ್ರೆಯಿಲ್ಲದೆ. ನಮ್ಮ ಫಾರ್ಮಿನಲ್ಲಿ ಅವಧಿಯ ಪ್ರಶ್ನೆಯೇ ಇಲ್ಲ, ಕಾಯಿಲೆ ಇದೆಯೇ ಇಲ್ಲವೇ ಅಷ್ಟೇ. ಐದು ವರ್ಷದಿಂದ ಒಂದೂ ಫಿಟ್ಸ್ ಬಾರದೆ ಮಾತ್ರೆ ತಪ್ಪಿಸದವನೂ, ಹೋದ ವಾರ ಬಿದ್ದವನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಫಲವೇನು? ಇಬ್ಬರೂ 'ಇಲ್ಲ' ಎಂದು ಬರೆಯುತ್ತಾರೆ. ಸಂಜೆಯ ಕೊನೆ ಬಸ್ಸು ತಪ್ಪಿದರೆ ಮನೆ ಸೇರಲು ಬೈಕೊಂದೇ ಗತಿಯಾದ ಸಿದ್ದಾಪುರ, ಯಲ್ಲಾಪುರದ ಒಳಹಳ್ಳಿಗಳಲ್ಲಿ ಕಾಯಿಲೆ ಒಪ್ಪಿಕೊಂಡವನು ಕೆಲಸವನ್ನೂ ಕಳೆದುಕೊಳ್ಳುತ್ತಾನೆ. ಮುಚ್ಚಿಡುವವನು ವೈದ್ಯರಿಗೂ ಮುಚ್ಚಿಡುತ್ತಾನೆ, ಮಾತ್ರೆಯ ಪ್ರಮಾಣ ಸರಿಯಾಗುವುದಿಲ್ಲ, ಅಪಾಯ ನಿಜಕ್ಕೂ ಹೆಚ್ಚುತ್ತದೆ. ಕಠಿಣವಾಗಿ ಕಾಣುವ ನಿಯಮ ರಸ್ತೆಯನ್ನು ಇಲ್ಲಿ ಸುರಕ್ಷಿತ ಮಾಡುತ್ತಿಲ್ಲ.

ಇನ್ನೊಂದು ತೊಡಕು 186ರ ಭಾಷೆಯಲ್ಲೇ ಇದೆ. ಚಾಲಕನಿಗೆ ಕಾಯಿಲೆ 'ಗೊತ್ತಿದ್ದರೆ' ಮಾತ್ರ ಅಪರಾಧ. ತಪಾಸಣೆಗೇ ಹೋಗದಿದ್ದವನು ಈ ಸೆಕ್ಷನ್ನಿನಿಂದ ದೂರ. ಹೀಗಾಗಿ ವೈದ್ಯರು ಡಿಸ್ಚಾರ್ಜ್ ಕಾಗದದ ಮೇಲೆ ಬರೆಯುವ ಒಂದು ಸಾಲಿಗೆ ದೊಡ್ಡ ಬೆಲೆ. 'ಇಂತಿಷ್ಟು ದಿನ, ಮರುಪರೀಕ್ಷೆಯಾಗುವವರೆಗೆ ವಾಹನ ಓಡಿಸಬಾರದು' ಎಂದು ಕನ್ನಡದಲ್ಲಿ ಬರೆದು, ಓದಿ ಹೇಳಿ, ರೋಗಿಯ ಸಹಿ ಪಡೆದರೆ ಆತನಿಗೆ ಗೊತ್ತಿತ್ತೋ ಇಲ್ಲವೋ ಎಂಬ ವಾದ ಮುಗಿಯಿತು. ಅದಕ್ಕಿಂತ ಮುಖ್ಯವಾಗಿ, ಮನೆಯವರಿಗೆ ಬೀಗದ ಕೈ ಎತ್ತಿಡಲು ಒಂದು ಆಧಾರ ಸಿಗುತ್ತದೆ.

ಸಕ್ಕರೆ ಕಾಯಿಲೆಯವರೆಲ್ಲ ಅಪಾಯದಲ್ಲಿಲ್ಲ. ಮೆಟ್‌ಫಾರ್ಮಿನ್ ಒಂದನ್ನೇ ನುಂಗುವವರಿಗೆ ಸಕ್ಕರೆ ಕುಸಿಯುವ ಸಂಭವ ತೀರಾ ಕಡಿಮೆ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್ ಅಥವಾ ಗ್ಲಿಬೆಂಕ್ಲಮೈಡ್ ನುಂಗುವವರು ಎಚ್ಚರವಾಗಿರಬೇಕು. ಏಕಾದಶಿಯ ಉಪವಾಸ, ರಂಜಾನಿನ ರೋಜಾ, ಬೇಗ ಹೊರಡುವ ಧಾವಂತದಲ್ಲಿ ತಿಂಡಿ ಬಿಡುವುದು, ಇವೆಲ್ಲ ಅವರಿಗೆ ಕಂಟಕ. ಶಿರಸಿಯಲ್ಲಿ ಮಾತ್ರೆ ನುಂಗಿ, ಕುಮಟಾದಲ್ಲಿ ತಿಂಡಿ ತಿನ್ನೋಣವೆಂದು ಹೊರಟವನಿಗೆ ಹೀಗಾಗುತ್ತದೆ: ರಾಗಿಹೊಸಳ್ಳಿ ದಾಟಿ ದೇವಿಮನೆ ತಿರುವುಗಳು ಶುರುವಾಗುವಾಗ ಕೈ ನಡುಕ, ತಣ್ಣನೆ ಬೆವರು, ಎದೆ ಬಡಿತ. ಇನ್ನೂ ಇಳಿದರೆ ಮಾತು ತೊದಲುತ್ತದೆ, ಸಿಟ್ಟು ಬರುತ್ತದೆ, ಗೇರ್ ಯಾವುದು ಎಂಬುದೇ ತಲೆಗೆ ಹೋಗದು. ಹೊರಗಿನಿಂದ ನೋಡಿದವರು ಕುಡಿದಿದ್ದಾನೆ ಎನ್ನುತ್ತಾರೆ. ಬಿಪಿಗೋ ಹೃದಯಕ್ಕೋ ಅಟೆನೊಲಾಲ್, ಪ್ರೊಪ್ರನೊಲಾಲ್ ನುಂಗುವವರಲ್ಲಿ ನಡುಕ ಮತ್ತು ಎದೆ ಬಡಿತದ ಮುನ್ಸೂಚನೆಯೂ ಮಂಕಾಗುತ್ತದೆ, ನೇರವಾಗಿ ಗೊಂದಲಕ್ಕೆ ಬೀಳುತ್ತಾರೆ.

ಇಂಥವರು ಹೊರಡುವ ಮುನ್ನ ಗ್ಲುಕೋಮೀಟರಿನಲ್ಲಿ ನೋಡಿಕೊಳ್ಳಬೇಕು, ದೂರ ಪ್ರಯಾಣವಾದರೆ ಎರಡು ಗಂಟೆಗೊಮ್ಮೆ ಮತ್ತೆ. 90ಕ್ಕಿಂತ ಕಡಿಮೆಯಿದ್ದರೆ ಏನಾದರೂ ತಿಂದೇ ಹೊರಡಬೇಕು; 70ಕ್ಕಿಂತ ಕಡಿಮೆಯಿದ್ದರೆ ಓಡಿಸಲೇಬಾರದು. ದಾರಿಯಲ್ಲಿ ಲಕ್ಷಣ ಕಂಡರೆ ಬದಿಗೆ ನಿಲ್ಲಿಸಿ, ಕೀ ತೆಗೆದು, ಚಾಲಕನ ಸೀಟು ಬಿಟ್ಟು 15 ಗ್ರಾಂ ಗ್ಲುಕೋಸ್ ಅಥವಾ ಮೂರು ಚಮಚ ಸಕ್ಕರೆಯ ನೀರು ಕುಡಿದು, 15 ನಿಮಿಷದ ನಂತರ ಮತ್ತೆ ಅಳೆದು, ಬಿಸ್ಕೀಟೋ ಅವಲಕ್ಕಿಯೋ ತಿನ್ನಬೇಕು. ಅಂಕಿ ಸರಿಯಾದ ಕೂಡಲೇ ಹೊರಡಬಾರದು, 45 ನಿಮಿಷ ಕಾಯಬೇಕು. ರಕ್ತದ ಸಕ್ಕರೆ ಏರಿದಷ್ಟು ಬೇಗ ಮಿದುಳು ಚೇತರಿಸಿಕೊಳ್ಳುವುದಿಲ್ಲ. ಗ್ಲುಕೋಸ್ ಪೊಟ್ಟಣ ಡಿಕ್ಕಿಯ ಬ್ಯಾಗಿನಲ್ಲಿದ್ದರೆ ಉಪಯೋಗವಿಲ್ಲ, ಕೈಗೆಟಕುವಲ್ಲಿರಬೇಕು.

ಮಾತ್ರೆಗಳ ವಿಷಯದಲ್ಲಿ ಘಟ್ಟದವರ ಒಂದು ರೂಢಿ ಅಪಾಯಕಾರಿ. ವಾಂತಿ ಬಾರದಿರಲೆಂದು ಅವೋಮಿನ್ ನುಂಗುವುದು ಪ್ರಯಾಣಿಕರಿಗೆ ಸರಿ. ಅದರಲ್ಲಿರುವ ಪ್ರೊಮೆಥಜಿನ್ ಗಂಟೆಗಟ್ಟಲೆ ತೂಕಡಿಕೆ ತರುತ್ತದೆ, ಚಾಲಕನಿಗೆ ಅದು ಸಲ್ಲದು. ಶೀತಕ್ಕೆ ಅವಿಲ್ ಅಥವಾ ಕ್ಲೋರ್‌ಫೆನಿರಮೈನ್ ಇರುವ ಮಾತ್ರೆ, ಕೋಡೀನ್ ಇರುವ ಕೆಮ್ಮಿನ ಸಿರಪ್, ನಿದ್ದೆಗೆ ಆಲ್ಪ್ರಜೋಲಾಮ್, ನರನೋವಿಗೆ ಪ್ರಿಗಾಬಲಿನ್, ನೋವಿಗೆ ಟ್ರಮಡಾಲ್, ಇವುಗಳ ಮೇಲೆ ಒಂದು ಪೆಗ್ ಬಿದ್ದರೆ 25 ಮಿಲಿಗ್ರಾಂ ಮದ್ಯವೂ ಮಿತಿಯೊಳಗಿದ್ದೇ ಮನುಷ್ಯನನ್ನು ಮಲಗಿಸುತ್ತದೆ. 185ರಲ್ಲಿ ಮಾದಕ ದ್ರವ್ಯಗಳಿಗೆ 30ರಂಥ ಅಂಕಿಯಿಲ್ಲ. ಗಾಡಿಯ ಮೇಲೆ ಹಿಡಿತ ತಪ್ಪುವಷ್ಟು ಪ್ರಭಾವವಿತ್ತೇ ಎಂಬುದೇ ಪ್ರಶ್ನೆ. ವೈದ್ಯರೇ ಬರೆದುಕೊಟ್ಟ ಔಷಧಿ ಎನ್ನುವುದು ಪೂರ್ಣ ರಕ್ಷಣೆಯಲ್ಲ. ಹೊಸ ಮಾತ್ರೆಯ ಮೊದಲ ಎರಡು ಮೂರು ದಿನ, ಪ್ರಮಾಣ ಏರಿಸಿದಾಗ ಮತ್ತೆ ಅಷ್ಟು ದಿನ, ಓಡಿಸದಿರುವುದೇ ಮೇಲು.

ನಿದ್ದೆಗೆ ಮಾಪಕವೂ ಇಲ್ಲ, ಫಾರ್ಮೂ ಇಲ್ಲ. ಬೆಳಗ್ಗೆ ಆರಕ್ಕೆ ಎದ್ದವನು ರಾತ್ರಿ ಹನ್ನೊಂದಕ್ಕೆ 17 ಗಂಟೆ ಎಚ್ಚರವಿದ್ದಂತಾಯಿತು. ಆಗಿನ ಮಂಕುತನ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯವಿದ್ದವನ ಮಟ್ಟಕ್ಕೆ ಬರುತ್ತದೆ ಎಂಬುದು ಪ್ರಯೋಗಗಳಲ್ಲಿ ಕಂಡದ್ದು. ಬೆಳಗಿನವರೆಗೆ ಯಕ್ಷಗಾನ ನೋಡಿ ಬೈಕ್ ಹತ್ತುವವರು, ಮಾರಿಕಾಂಬಾ ಜಾತ್ರೆಯಲ್ಲಿ ಸತತ ಟ್ರಿಪ್ ಹೊಡೆಯುವ ಟೆಂಪೋದವರು ಈ ಲೆಕ್ಕದೊಳಗೇ ಬರುತ್ತಾರೆ. ಸಂಬಳದ ಚಾಲಕರಿಗೆ 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ, 2025ರಲ್ಲಿ ಹೊಸ ಕಾರ್ಮಿಕ ಸಂಹಿತೆ ಅದರ ಜಾಗಕ್ಕೆ ಬರುವವರೆಗೆ, ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿತ್ತು, ಐದು ಗಂಟೆಯೊಳಗೆ ಅರ್ಧ ಗಂಟೆಯ ವಿರಾಮ ಕಡ್ಡಾಯವಾಗಿತ್ತು. ಜೋರಾಗಿ ಗೊರಕೆ ಹೊಡೆದು, ನಿದ್ದೆಯಲ್ಲಿ ಉಸಿರು ನಿಂತಂತಾಗಿ, ಹಗಲೆಲ್ಲ ತೂಕಡಿಸುವ ದಪ್ಪ ಕುತ್ತಿಗೆಯ ಚಾಲಕನಿಗೆ ಎಷ್ಟು ವಿರಾಮ ಕೊಟ್ಟರೂ ಸಾಲದು. ಅದು ಸ್ಲೀಪ್ ಆ್ಯಪ್ನಿಯಾ ಇರಬಹುದು, ಅದಕ್ಕೆ ಚಿಕಿತ್ಸೆಯಿದೆ.

ಗಾಡಿ ಮಾಲೀಕರು ಓದಲೇಬೇಕಾದದ್ದು ಸೆಕ್ಷನ್ 188. 185 ಅಥವಾ 186ರ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವನಿಗೂ ಅದೇ ಶಿಕ್ಷೆ. ಚಾಲಕ ಕುಡಿದಿದ್ದಾನೆಂದು ಗೊತ್ತಿದ್ದೂ 'ಬೆಳಗಾಗುವುದರೊಳಗೆ ಮೀನು ಮುಟ್ಟಬೇಕು' ಎಂದು ಹೊರಡಿಸುವ ಮಾಲೀಕ ಬರೀ ದಣಿಯಾಗಿ ಉಳಿಯುವುದಿಲ್ಲ.

ಬದಲಾಗಬೇಕಾದದ್ದು ದೊಡ್ಡದೇನಲ್ಲ. ಫಾರ್ಮ್ 1ರಲ್ಲಿ ಕಾಯಿಲೆಯ ಹೆಸರಿನ ಜೊತೆ ಕೊನೆಯ ಫಿಟ್ಸ್ ಅಥವಾ ಪ್ರಜ್ಞೆ ತಪ್ಪಿದ ದಿನಾಂಕ ಕೇಳಲಿ. ಖಾಸಗಿ ಗಾಡಿಗೂ ಬಸ್ಸು–ಲಾರಿಗೂ ಬೇರೆ ಅವಧಿ ನಿಗದಿಯಾಗಲಿ. ಹಗಲಿಗೆ ಮಾತ್ರ, ಘಟ್ಟವಿಲ್ಲದ ದಾರಿಗೆ ಮಾತ್ರ ಎಂಬ ಷರತ್ತಿನ ಲೈಸೆನ್ಸ್ ಬರಲಿ. ಒಳ್ಳೆಯ ಉದ್ದೇಶದಿಂದ ಮಾಹಿತಿ ಕೊಡುವ ವೈದ್ಯರಿಗೆ ಸ್ಪಷ್ಟ ರಕ್ಷಣೆ ಸಿಗಲಿ.

ಅಲ್ಲಿಯವರೆಗೆ ಇರುವ ದಾರಿ ಸೆಕ್ಷನ್ 16. ಅನಾರೋಗ್ಯದಿಂದ ಒಬ್ಬರು ಓಡಿಸಲು ಅನರ್ಹರು ಎನ್ನಲು ತಕ್ಕ ಕಾರಣವಿದ್ದರೆ ಆರ್‌ಟಿಒ ಯಾವಾಗ ಬೇಕಾದರೂ ಹೊಸ ವೈದ್ಯಕೀಯ ಪ್ರಮಾಣಪತ್ರ ಕೇಳಬಹುದು, ಲೈಸೆನ್ಸ್ ಹಿಂಪಡೆಯಲೂಬಹುದು. ಮಾತು ಕೇಳದ ಹಿರಿಯರ ಬಗ್ಗೆ ಮನೆಯವರು ಲೈಸೆನ್ಸ್ ಸಂಖ್ಯೆ, ನಡೆದ ಘಟನೆಗಳ ದಿನಾಂಕ, ಇದ್ದರೆ ಆಸ್ಪತ್ರೆಯ ಕಾಗದದ ಪ್ರತಿ ಸೇರಿಸಿ ಲಿಖಿತ ಅರ್ಜಿ ಕೊಡಬಹುದು. ಸ್ವೀಕೃತಿ ಪಡೆಯಲು ಮರೆಯಬಾರದು. ಲೈಸೆನ್ಸ್ ಕಳೆದುಕೊಂಡವರಿಗೂ ದಾರಿಯಿದೆ. ಆದೇಶ ಕಾರಣ ಸಹಿತ ಲಿಖಿತವಾಗಿರಲೇಬೇಕು, ಅದು ಕೈಸೇರಿದ 30 ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು. ಮೇಲ್ಮನವಿಯ ಜೊತೆ ತಜ್ಞ ವೈದ್ಯರ ವರದಿ ಇಡುವಾಗ 'ಫಿಟ್' ಎಂಬ ಒಂದೇ ಪದ ಸಾಲದು. ಕಾಯಿಲೆ ಯಾವುದು, ಕೊನೆಯ ಬಾರಿ ಯಾವಾಗ ತೊಂದರೆಯಾಯಿತು, ಯಾವ ಔಷಧಿ ಎಷ್ಟು ಪ್ರಮಾಣ, ಕಣ್ಣಿನ ಅಂಕಿ ಎಷ್ಟು, ಯಾವ ಬಗೆಯ ಗಾಡಿಯನ್ನು ಯಾವ ಹೊತ್ತಿನಲ್ಲಿ ಓಡಿಸಬಹುದು ಎಂಬುದೆಲ್ಲ ಅದರಲ್ಲಿರಬೇಕು.